ಕ್ಯಾಲಿಕ್ಸಾ ಲಾವಲೆ: ಐಸ್ ಹಾಕಿ ಅಂಗಳದ ಹಾಡಿಗೆ ಧಾಟಿ ಕೊಟ್ಟವರು

ನಮ್ಮ ಹೊಸಮನೆಯ ಹುಡುಗರಿಗೆ ಹಾಕಿ ಎಂದರೆ ಮೈದಾನ, ಚೆಂಡು, ಧ್ಯಾನ್‌ಚಂದ್. ಕೆನಡಾದವರಿಗೆ ಅದು ಮಂಜುಗಡ್ಡೆಯ ಮೇಲಿನ ಆಟ. ಕಾಲಿಗೆ ಸ್ಕೇಟ್ ಕಟ್ಟಿಕೊಂಡು, ಚೆಂಡಿನ ಬದಲು ರಬ್ಬರಿನ ಬಿಲ್ಲೆಯನ್ನು ಹೊಡೆಯುತ್ತಾರೆ. ಅಲ್ಲಿನ ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ನಲ್ಲಿ ಕೆನಡಾದ ತಂಡ, ಅಮೆರಿಕದ ತಂಡ ಎದುರಾದರೆ ಆಟಕ್ಕೆ ಮೊದಲು ಎರಡೂ ದೇಶಗಳ ರಾಷ್ಟ್ರಗೀತೆ ಹಾಡಬೇಕು. ನಾನು ಮೊಬೈಲಿನಲ್ಲಿ ಈ ಪಂದ್ಯಗಳನ್ನು ನೋಡುವುದು ಆಟಕ್ಕಿಂತ ಹೆಚ್ಚಾಗಿ ಹಾಡಿಗಾಗಿ. 2006ರಲ್ಲಿ ಎಡ್ಮಂಟನ್ ನಗರದಲ್ಲಿ ಗಾಯಕ ಪಾಲ್ ಲೋರಿಯೋ ನಡುವೆಯೇ ಮೈಕನ್ನು ಮೇಲೆತ್ತಿ ಸುಮ್ಮನಾದರು. ಮುಂದಿನದನ್ನು ಇಡೀ ಕ್ರೀಡಾಂಗಣ ಹಾಡಿತು. ಆ ಹಾಡು ‘ಓ ಕೆನಡಾ’. ಅದಕ್ಕೆ ಸಂಗೀತ ಕೊಟ್ಟವರು ಕ್ಯಾಲಿಕ್ಸಾ ಲಾವಲೆ.

ಲಾವಲೆ ಹುಟ್ಟಿದ್ದು 1842ರ ಡಿಸೆಂಬರ್ 28ರಂದು, ಮಾಂಟ್ರಿಯಲ್ ಬಳಿಯ ವೆರ್ಶೇರ್ ಎಂಬಲ್ಲಿ. ತಂದೆ ಕಮ್ಮಾರಿಕೆ ಮಾಡುತ್ತಿದ್ದವರು, ಆಮೇಲೆ ವಾದ್ಯ ತಯಾರಿಕೆಗೆ ಬಂದರು. ಹನ್ನೊಂದರ ವಯಸ್ಸಿಗೇ ಮಗ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ. ಹದಿಮೂರಕ್ಕೆ ಮಾಂಟ್ರಿಯಲ್‌ನಲ್ಲಿ ಪಿಯಾನೊ ಕಛೇರಿ ಕೊಟ್ಟ. ಅಂದರೆ ನಮ್ಮ ಎಂಟನೇ ತರಗತಿಯ ಹುಡುಗರ ವಯಸ್ಸು!

ಮುಂದೆ ಹೊಟ್ಟೆಪಾಡಿಗೆ ಅಮೆರಿಕ ಸೇರಿದರು. ಅಲ್ಲಿ ಮಿನ್‌ಸ್ಟ್ರೆಲ್ ತಂಡಗಳ ಜೊತೆ ಊರೂರು ಸುತ್ತಿದರು. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುತ್ತಿದ್ದ ಪ್ರದರ್ಶನಗಳು ಅವು. ಲಾವಲೆಯವರನ್ನು ಹೊಗಳುವಾಗ ಇದನ್ನು ಮುಚ್ಚಿಡುವುದು ನನಗೆ ಸರಿ ಕಾಣುವುದಿಲ್ಲ. ಅದೇ ಮನುಷ್ಯ ಅಮೆರಿಕದ ಅಂತರ್ಯುದ್ಧದಲ್ಲಿ, ಗುಲಾಮಗಿರಿಯ ರಾಜ್ಯಗಳ ವಿರುದ್ಧ ನಿಂತ ಉತ್ತರದ ಸೈನ್ಯಕ್ಕೆ 1861ರಲ್ಲಿ ಬ್ಯಾಂಡ್ ವಾದಕರಾಗಿ ಸೇರಿದರು. ಮರುವರ್ಷ ಆಂಟೀಟಮ್ ಕದನದಲ್ಲಿ ಕಾಲಿಗೆ ಗಾಯವಾಯಿತು.

ಮಾಂಟ್ರಿಯಲ್‌ನ ಲಿಯೋನ್ ದೆರೋಮ್ ಎಂಬ ಮಾಂಸದ ವ್ಯಾಪಾರಿಗೆ ಸಂಗೀತವೆಂದರೆ ಪ್ರಾಣ. ಅವರ ನೆರವಿನಿಂದಲೇ ಲಾವಲೆ 1873ರಲ್ಲಿ ಪ್ಯಾರಿಸ್ಸಿಗೆ ಹೋಗಿ ಎರಡು ವರ್ಷ ಕಲಿತರು. ಹಿಂದಿರುಗಿದ ಮೇಲೆ ಅವರಿಗಿದ್ದದ್ದು ಒಂದೇ ಆಸೆ: ಕ್ವಿಬೆಕ್‌ನಲ್ಲಿ ಸರ್ಕಾರಿ ಸಂಗೀತ ಶಾಲೆ. ಸರ್ಕಾರ ಒಪ್ಪಲಿಲ್ಲ.

1880ರ ಜೂನ್ 24ರಂದು ಕ್ವಿಬೆಕ್ ನಗರದಲ್ಲಿ ಫ್ರೆಂಚ್ ಕೆನಡಿಯನ್ನರ ಹಬ್ಬ. ಅದಕ್ಕೆಂದು ರೂತಿಯೇ ಎಂಬ ನ್ಯಾಯಾಧೀಶರು ಫ್ರೆಂಚಿನಲ್ಲಿ ಸಾಹಿತ್ಯ ಬರೆದರು, ಲಾವಲೆ ಸಂಗೀತ ಹೊಂದಿಸಿದರು. ಅದು ಮೊದಲು ಕೇಳಿಸಿದ ಜಾಗವನ್ನು ಓದಿ ನನಗೆ ನಗು ಬಂತು: ಅದೊಂದು ಸ್ಕೇಟಿಂಗ್ ಅಂಗಳ! ಬೇಸಿಗೆಯಾದ್ದರಿಂದ ಅಲ್ಲಿ ಔತಣಕೂಟ ನಡೆದಿತ್ತು. ಎನ್‌ಎಚ್‌ಎಲ್ ಹುಟ್ಟಲು ಇನ್ನೂ 37 ವರ್ಷ ಬಾಕಿ ಇತ್ತು.

ಹಾಡಿನಿಂದ ಲಾವಲೆಯವರ ಬದುಕೇನೂ ಬದಲಾಗಲಿಲ್ಲ. ಮತ್ತೆ ಅಮೆರಿಕಕ್ಕೆ ಹೋಗಿ ಬಾಸ್ಟನ್‌ನಲ್ಲಿ ನೆಲೆಸಿದರು. ಹೋಲಿ ಕ್ರಾಸ್ ಕ್ಯಾಥೆಡ್ರಲ್‌ನಲ್ಲಿ ಆರ್ಗನ್ ನುಡಿಸಿದರು, ಅಮೆರಿಕದ ಸಂಗೀತ ಶಿಕ್ಷಕರ ಸಂಘಕ್ಕೆ ಅಧ್ಯಕ್ಷರಾದರು. ಕೆನಡಾ ಅಮೆರಿಕದೊಂದಿಗೆ ಸೇರಿಬಿಡಬೇಕು ಎಂಬುದು ಅವರ ರಾಜಕೀಯ ನಿಲುವು. ಕೆನಡಾದ ರಾಷ್ಟ್ರಗೀತೆಗೆ ಸಂಗೀತ ಕೊಟ್ಟವರ ನಿಲುವು ಇದು! 1891ರ ಜನವರಿ 21ರಂದು ಬಾಸ್ಟನ್‌ನಲ್ಲೇ ತೀರಿಕೊಂಡರು, 48ರ ವಯಸ್ಸಿನಲ್ಲಿ. 1933ರಲ್ಲಿ ಅವರ ಅವಶೇಷಗಳನ್ನು ಮಾಂಟ್ರಿಯಲ್‌ಗೆ ತಂದು ಮತ್ತೆ ಮಣ್ಣು ಮಾಡಿದರು.

ಹಾಡಿನ ಮಾತುಗಳು ಹಲವು ಬಾರಿ ಬದಲಾದವು. 1908ರಲ್ಲಿ ವಿಯರ್ ಎಂಬವರು ಇಂಗ್ಲಿಷಿನಲ್ಲಿ ಬೇರೆಯದೇ ಸಾಹಿತ್ಯ ಬರೆದರು. 1980ರಲ್ಲಿ ಅದು ಅಧಿಕೃತ ರಾಷ್ಟ್ರಗೀತೆಯಾಯಿತು. ಗಂಡುಮಕ್ಕಳನ್ನಷ್ಟೇ ಹೇಳುತ್ತಿದ್ದ ಪದವನ್ನು 2018ರಲ್ಲಿ ತಿದ್ದಿದರು. ಧಾಟಿ ಮಾತ್ರ ಲಾವಲೆಯವರದೇ ಉಳಿಯಿತು. ನಮ್ಮ ನಾಡಗೀತೆ ಬರೆದವರು ನಮ್ಮ ಜಿಲ್ಲೆಯ ಕುವೆಂಪು ಎಂದು ನಮಗೆಲ್ಲ ಗೊತ್ತು. ಆದರೆ 2022ರಲ್ಲಿ ಸರ್ಕಾರ ಒಪ್ಪಿದ ಧಾಟಿ ಮೈಸೂರು ಅನಂತಸ್ವಾಮಿಯವರದು ಎಂದು ಎಷ್ಟು ಜನ ಹೇಳಬಲ್ಲರು? ಧಾಟಿ ಕೊಟ್ಟವರ ಹೆಸರು ಬೇಗ ಮರೆತುಹೋಗುತ್ತದೆ.

2025ರ ಆರಂಭದಲ್ಲಿ ಅಮೆರಿಕದ ಅಧ್ಯಕ್ಷರು ಕೆನಡಾವನ್ನು ತಮ್ಮ 51ನೇ ರಾಜ್ಯವೆಂದು ಕರೆಯುತ್ತಿದ್ದರು. ಲಾವಲೆ ಬಯಸಿದ್ದೂ ಹೆಚ್ಚುಕಡಿಮೆ ಅದನ್ನೇ. ಆದರೆ ಅವರ ಹಾಡನ್ನು ಹಾಡುವ ಜನ ಕೆರಳಿದರು. ಒಟ್ಟಾವಾ, ಮಾಂಟ್ರಿಯಲ್ ನಗರಗಳ ಐಸ್ ಹಾಕಿ ಅಂಗಳಗಳಲ್ಲಿ ಅಮೆರಿಕದ ರಾಷ್ಟ್ರಗೀತೆ ಬಂದಾಗ ಪ್ರೇಕ್ಷಕರು ಕೂಗಾಡಿ ಧಿಕ್ಕರಿಸಿದರು. ಒಂದು ಹಾಡಿಗೆ ಹೀಗೆ ಮಾಡುವುದು ನನಗೆ ಹಿಡಿಸಲಿಲ್ಲ, ಸಿಟ್ಟಿನ ಕಾರಣ ಅರ್ಥವಾದರೂ.

ಆ ಫೆಬ್ರವರಿ 20ರಂದು ನಾಲ್ಕು ದೇಶಗಳ ಟೂರ್ನಿಯ ಫೈನಲ್‌ನಲ್ಲಿ ಎರಡೂ ದೇಶಗಳು ಎದುರಾದವು. ಹೆಚ್ಚುವರಿ ಸಮಯದಲ್ಲಿ ಕಾನರ್ ಮೆಕ್‌ಡೇವಿಡ್ ಗೋಲು ಹೊಡೆದು ಕೆನಡಾವನ್ನು 3–2ರಿಂದ ಗೆಲ್ಲಿಸಿದರು. ಆಟಕ್ಕೆ ಮೊದಲು ‘ಓ ಕೆನಡಾ’ ಮೊಳಗಿತ್ತು. ಪಂದ್ಯ ನಡೆದ ಊರು ಬಾಸ್ಟನ್.