ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯರು

ನಮ್ಮ ಬೇಗೂರಿನ ನಾಗೇಶ್ವರ ದೇವಾಲಯದ ಬಳಿಯಲ್ಲಿ, ಬೆಂಗಳೂರೆಂಬ ಹೆಸರನ್ನು ಹೊತ್ತ ಸುಮಾರು 1100 ವರ್ಷಗಳ ಹಿಂದಿನ ವೀರಗಲ್ಲೊಂದಿರುವುದು ನಮ್ಮ ವಾಚಕರಲ್ಲಿ ಬಹುಜನರಿಗೆ ತಿಳಿದ ವಿಷಯವೇ ಆಗಿದೆ. ಕಾಳಗದಲ್ಲಿ ಮಡಿದವರ ನೆನಪಿಗಾಗಿ ನಮ್ಮ ಹಿರಿಯರು ಕಲ್ಲು ನಿಲ್ಲಿಸಿದರು. ಆದರೆ ಕಾಳಗದ ದೆಸೆಯಿಂದ ಮನೆಮಠಗಳನ್ನು ನೀಗಿಕೊಂಡು ಬೀದಿಪಾಲಾದವರಿಗೆ ಅನ್ನವನ್ನೂ ನೆಲೆಯನ್ನೂ ಒದಗಿಸಿದವರ ಹೆಸರನ್ನು ಕಲ್ಲಿನಲ್ಲಿ ಕೊರೆಯಿಸುವ ವಾಡಿಕೆ ವಿರಳ. ಅಂಥ ಪರೋಪಕಾರಿಗಳ ಸಾಲಿಗೆ ಸೇರಿದ, ಕನ್ನಡ ಕರಾವಳಿಯ ಸುಪುತ್ರಿಯೊಬ್ಬರ ಚರಿತ್ರೆಯನ್ನು ಈ ಸ್ಮರಣಸಂಚಿಕೆಯಲ್ಲಿ ಸಂಗ್ರಹವಾಗಿ ನಿರೂಪಿಸಲೆಳಸುತ್ತೇವೆ.

ಕಮಲಾದೇವಿಯವರು 1903ನೆಯ ಇಸವಿ ಏಪ್ರಿಲ್ 3ನೆಯ ತಾರೀಖು ಮಂಗಳೂರಿನ ಸಾರಸ್ವತ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಅನಂತಯ್ಯ ಧಾರೇಶ್ವರರು ಸರಕಾರದ ಉನ್ನತಾಧಿಕಾರಿಗಳು. ತಾಯಿ ಗಿರಿಜಾಬಾಯಿಯವರು ವಿದ್ಯಾವತಿಯೂ ಸ್ವಾಭಿಮಾನಿಯೂ ಆದ ಮಹಿಳೆ. ಬಾಲಿಕೆಗೆ ಏಳು ವರ್ಷವಾಗಿದ್ದಾಗ ತಂದೆಯವರು ಮರಣಶಾಸನವನ್ನು ಬರೆದಿಡದೆ ಕಾಲವಾದರು. ಅಂದಿನ ಕಾಯಿದೆಯಂತೆ ಆಸ್ತಿಯೆಲ್ಲವೂ ಮೊದಲ ಹೆಂಡತಿಯ ಮಗನಿಗೆ ಸೇರಿತು. ವಿಧವೆಗೆ ಉಳಿದುದು ಮಾಸಾಶನ ಮಾತ್ರ. ಗಿರಿಜಾಬಾಯಿಯವರು ಅದನ್ನು ಬೇಡವೆಂದು ತಳ್ಳಿ, ತವರಿನಿಂದ ಬಂದ ಬಳುವಳಿಯ ಸೊತ್ತಿನಿಂದಲೇ ಮಗಳನ್ನು ಸಾಕಿದರು. ತನ್ನದೆಂದು ನಂಬಿದ್ದ ಮನೆಯು ಒಂದೇ ದಿನದಲ್ಲಿ ಪರರದಾಗುವುದೆಂದರೆ ಏನೆಂಬುದನ್ನು ಕಮಲಾದೇವಿಯವರು ಹೀಗೆ ಎಳೆಯ ವಯಸ್ಸಿನಲ್ಲಿಯೇ ಕಂಡರು. ಹಂಗಿನ ಅನ್ನವು ಗಂಟಲಿಗಿಳಿಯುವುದು ಎಷ್ಟು ಕಷ್ಟವೆಂಬುದನ್ನೂ ತಾಯಿಯ ನಡತೆಯಿಂದಲೇ ಅರಿತರು.

ಆ ಕಾಲದ ರೂಢಿಯಂತೆ ಬಾಲ್ಯದಲ್ಲಿಯೇ ವಿವಾಹವಾಗಿ, ಎರಡು ವರ್ಷಗಳೊಳಗಾಗಿ ವೈಧವ್ಯವೂ ಪ್ರಾಪ್ತವಾಯಿತು. ಆದರೂ ಅವರ ವಿದ್ಯಾಭ್ಯಾಸವು ನಿಲ್ಲಲಿಲ್ಲ. ಮದರಾಸಿನ ಕ್ವೀನ್ ಮೇರಿ ಕಾಲೇಜಿನಲ್ಲಿ ಓದುತ್ತಿದ್ದಾಗ ಪರಿಚಿತರಾದ ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ಲೋಕನಿಂದೆಗೆ ಅಂಜದೆ ಪುನರ್ವಿವಾಹವಾದರು. ಲಂಡನ್ನಿನಲ್ಲಿ ಸಮಾಜಶಾಸ್ತ್ರವನ್ನು ಅಭ್ಯಾಸಮಾಡಿದರು. 1926ರಲ್ಲಿ ಮದರಾಸು ಶಾಸನಸಭೆಯ ಚುನಾವಣೆಗೆ ನಿಂತು ಅಲ್ಪ ಮತಗಳಿಂದ ಸೋತರು. 1927ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಹಿಳಾ ಪರಿಷತ್ತಿನ ಮೊದಲ ಸಂಘಟನಾ ಕಾರ್ಯದರ್ಶಿಯಾದರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಸೇರಿ ಸೆರೆಮನೆಯನ್ನೂ ಕಂಡರು.

1947ರಲ್ಲಿ ದೇಶವು ಸ್ವತಂತ್ರವಾಯಿತು. ಅದರೊಡನೆಯೇ ಇಬ್ಭಾಗವೂ ಆಯಿತು. ಗಡಿಯ ಎರಡು ಕಡೆಗಳಲ್ಲಿಯೂ ಲಕ್ಷಗಟ್ಟಲೆ ಜನರು ಉಟ್ಟ ಬಟ್ಟೆಯಲ್ಲಿಯೇ ಹೊರಟುಬಂದರು. ಕುರುಕ್ಷೇತ್ರದ ಬಯಲಿನಲ್ಲಿ ಡೇರೆಗಳ ದೊಡ್ಡದೊಂದು ಪಟ್ಟಣವೇ ಎದ್ದಿತು. ಒಂದು ಲಕ್ಷ ಜನರಿಗೆಂದು ಯೋಜಿಸಿದ್ದ ಆ ಶಿಬಿರದಲ್ಲಿ ಮೂರು ಲಕ್ಷದಷ್ಟು ಜನರು ತುಂಬಿದರು. ಅವರ ಒಂದು ದಿನದ ಆಹಾರಕ್ಕೆ ಹಿಟ್ಟೇ ಸುಮಾರು 100 ಟನ್ನುಗಳಷ್ಟು ಬೇಕಾಗುತ್ತಿತ್ತು. ಅಕ್ಕಿ, ಬೇಳೆ, ಉಪ್ಪು, ಸಕ್ಕರೆ, ಎಣ್ಣೆಗಳು ಬೇರೆ. ಇವೆಲ್ಲವನ್ನೂ ಸರಕಾರವು ಧರ್ಮಾರ್ಥವಾಗಿ ಒದಗಿಸಿತು. ಅನೇಕ ಸಮಾಜಸೇವಕರು ಅಲ್ಲಿಗೆ ಹೋಗಿ ದುಡಿದರು. ಹಸಿದವರಿಗೆ ಮೊದಲು ಬೇಕಾದುದು ಅನ್ನವೇ ಎಂಬುದರಲ್ಲಿ ಸಂದೇಹವಿಲ್ಲ.

ಆದರೆ ತಿಂಗಳುಗಳು ಕಳೆದಂತೆ ಮತ್ತೊಂದು ಸಂಕಟವು ತಲೆದೋರಿತು. ನಿನ್ನೆಯವರೆಗೆ ಹೊಲವನ್ನು ಉತ್ತವರು, ಮಗ್ಗವನ್ನು ನೆಯ್ದವರು, ಅಂಗಡಿಯನ್ನು ನಡೆಸಿದವರು, ಇಂದು ಪಡಿಗಾಗಿ ಸಾಲಿನಲ್ಲಿ ನಿಂತು ಕೈಯೊಡ್ಡಬೇಕಾಯಿತು. ಹೊಟ್ಟೆ ತುಂಬಿದರೂ ಮನಸ್ಸು ಕುಗ್ಗಿತು. ಕಮಲಾದೇವಿಯವರ ದೃಷ್ಟಿಯು ನೆಟ್ಟುದು ಇಲ್ಲಿಯೇ. 1948ರಲ್ಲಿ ಅವರು ಇಂಡಿಯನ್ ಕೋಆಪರೇಟಿವ್ ಯೂನಿಯನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಮೊದಲು ದೆಹಲಿಯ ಸಮೀಪದ ಛತರಪುರದಲ್ಲಿ ಪಶ್ಚಿಮ ಪಂಜಾಬಿನಿಂದ ಬಂದ ರೈತರನ್ನು ಕೂಡಿಸಿ ಸಹಕಾರ ಬೇಸಾಯವನ್ನು ಆರಂಭಿಸಿದರು. ಅನಂತರ ಫರೀದಾಬಾದಿನ ಕಾರ್ಯದಲ್ಲಿ ತೊಡಗಿದರು. ವಾಯವ್ಯ ಗಡಿನಾಡಿನಿಂದ ಬಂದ ನಿರಾಶ್ರಿತರು ತಮ್ಮನ್ನು ಚದರಿಸಬಾರದೆಂದು ಹಟಹಿಡಿದುದರಿಂದ ಅವರಿಗಾಗಿ ಅಲ್ಲಿ ಹೊಸ ಪಟ್ಟಣವನ್ನು ನಿರ್ಮಿಸುವುದೆಂದು ನಿಶ್ಚಯವಾಗಿತ್ತು. ಕಂಟ್ರಾಕ್ಟುದಾರರ ಕೈಯಿಂದಲ್ಲ, ಅಲ್ಲಿ ವಾಸಿಸತಕ್ಕವರ ಕೈಯಿಂದಲೇ ಮನೆಗಳು ಏಳಬೇಕೆಂಬುದು ಕಮಲಾದೇವಿಯವರ ಮತ್ತು ಅವರ ಸಂಗಡಿಗರ ಛಲವಾಗಿತ್ತು. ಎಂದೂ ಗಾರೆಕೆಲಸವನ್ನು ಕಾಣದಿದ್ದವರು ಇಟ್ಟಿಗೆ ಹೊತ್ತರು, ಗೋಡೆ ಕಟ್ಟಿದರು, ಕೂಲಿಯನ್ನು ಗಳಿಸಿ ತಮ್ಮ ಒಲೆಯನ್ನು ತಾವೇ ಹೊತ್ತಿಸಿದರು.

ಎಲ್ಲವೂ ಅವರು ಎಣಿಸಿದಂತೆಯೇ ನಡೆಯಿತೆಂದು ಹೇಳಲಾರೆವು. ಕೆಲವು ವರ್ಷಗಳಲ್ಲಿಯೇ ಆಡಳಿತವು ಅಧಿಕಾರಿಗಳ ವಶವಾಗಿ, ಸಹಕಾರ ಸಂಘಗಳು ಬಲಗುಂದಿದವು. ಆದರೆ ಊರು ನಿಂತಿತು. ಫರೀದಾಬಾದು ಇಂದು ಹರಿಯಾಣದ ದೊಡ್ಡ ಕೈಗಾರಿಕಾ ನಗರಗಳಲ್ಲೊಂದು. ಕಮಲಾದೇವಿಯವರೂ ಎದೆಗುಂದಲಿಲ್ಲ. ಕೈಕಸುಬೇ ದಿಕ್ಕಿಲ್ಲದವರ ಆಸ್ತಿಯೆಂದು ಬಗೆದು, 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಲಿಯ ಅಧ್ಯಕ್ಷತೆಯನ್ನು ವಹಿಸಿ, ದೇಶದ ಕುಶಲಕರ್ಮಿಗಳಿಗಾಗಿ ದೀರ್ಘಕಾಲ ಶ್ರಮಿಸಿದರು. 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೂ 1987ರಲ್ಲಿ ಪದ್ಮವಿಭೂಷಣವೂ ಅವರನ್ನು ಅರಸಿಕೊಂಡು ಬಂದವು. 1988ನೆಯ ಇಸವಿ ಅಕ್ಟೋಬರ್ 29ರಂದು ಅವರು ಮುಂಬಯಿಯಲ್ಲಿ ದೈವಾಧೀನರಾದರು.

ಪ್ರಿಯ ಸೋದರಿಯರೇ, ಪೋಷಕರೇ, ಊರು ಬಿಟ್ಟು ಬಂದವರು ನಮ್ಮ ಬೇಗೂರಿನ ಆಸುಪಾಸಿನಲ್ಲಿಯೂ ಅನೇಕರಿದ್ದಾರೆ. ಅವರ ಬಾಗಿಲಿಗೆ ನಾವು ಅನ್ನದ ಪಾತ್ರೆಯನ್ನು ಕೊಂಡೊಯ್ದ ದಿನಗಳುಂಟು; ಮುಂದೆಯೂ ಒಯ್ಯುವ ಪ್ರಸಂಗ ಬಂದೀತು. ಅಂದು ಪಾತ್ರೆಯನ್ನು ಇಳಿಸಿದೊಡನೆ ಹಿಂದಿರುಗದೆ, ಅವರಿಗೆ ಯಾವ ಕೆಲಸ ಬರುವುದೆಂದು ಕೇಳಿ ತಿಳಿದು, ಅದಕ್ಕೆ ದಾರಿಮಾಡಿಕೊಡುವುದೇ ಈ ಮಹನೀಯಳ ಜೀವನದಿಂದ ನಾವು ಕಲಿಯತಕ್ಕ ಪಾಠವಾಗಿದೆ.