ಶಾಸನತಜ್ಞ ಬಿ. ಎಲ್. ರೈಸ್

ಬೆಂಜಮಿನ್ ಲೂಯಿಸ್ ರೈಸ್ ಅವರು 1837ರಲ್ಲಿ ಬೆಂಗಳೂರಿನಲ್ಲಿ ಆಂಗ್ಲ ಪಾದ್ರಿಯೊಬ್ಬರ ಪುತ್ರರಾಗಿ ಜನಿಸಿದರು. ಮೊದಲು ಮುಖ್ಯೋಪಾಧ್ಯಾಯರು, ಬಳಿಕ ಶಾಲಾ ಇನ್‌ಸ್ಪೆಕ್ಟರರು. ಅಧ್ಯಾಪಕ ಬಂಧುಗಳಿಗೆ ಇದು ಅಭಿಮಾನದ ಸಂಗತಿಯೇ ಸರಿ. ಸಂಚಾರದಲ್ಲಿ ಕಂಡ ಶಾಸನಗಳು ಅವರ ಮನಸ್ಸನ್ನು ಸೆರೆಹಿಡಿದವು.

ಶಿಲಾಶಾಸನ ಬಯಲಿನಲ್ಲಿ ಎಲ್ಲರಿಗೂ ಕಾಣುವಂತಹುದು, ತಾಮ್ರಶಾಸನ ಹಾಗಲ್ಲ. ಅದು ಮನೆತನದ ಭೂಮಿಯ ಹಕ್ಕುಪತ್ರ. ತಲೆಮಾರುಗಳಿಂದ ಕಾಪಾಡಿದ ಆ ಪತ್ರವನ್ನು ಪರಿಚಯವಿಲ್ಲದ ಬಿಳಿಯ ಅಧಿಕಾರಿಯ ಕೈಗೆ ಕೊಡುವುದು ಸಾಮಾನ್ಯವೇ? ಭೂಮಿಯೇ ಕೈಬಿಟ್ಟೀತೆಂಬ ಅಂಜಿಕೆ ಯಾರಿಗಾದರೂ ಸಹಜ. ಆದರೂ ಕನ್ನಡ ಬಲ್ಲ ಈ ದೊರೆಗೆ ಅಂತಹ ಎಷ್ಟೋ ತಾಮ್ರಪಟಗಳು ಓದಲು ದೊರೆತವು. ಅವರಾದರೋ ನಾಡಿನ ಪಂಡಿತರ ನೆರವಿನಿಂದಲೇ ಓದಿದರು.

ತುಮಕೂರು, ಗುಬ್ಬಿ, ಕುಣಿಗಲು ಸೀಮೆಯ ಶಾಸನಗಳು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12ನೆಯ ಸಂಪುಟದಲ್ಲಿ 1904ರಲ್ಲಿ ಅಚ್ಚಾದವು. 1906ರಲ್ಲಿ ರೈಸರು ನಿವೃತ್ತರಾದಾಗ ಇಲಾಖೆಯ ಹೊಣೆ ಅವರ ಸಹಾಯಕರಾಗಿದ್ದ ಆರ್. ನರಸಿಂಹಾಚಾರ್ಯರಿಗೆ ಬಂದಿತು. 1927ರಲ್ಲಿ ಇಂಗ್ಲೆಂಡಿನಲ್ಲಿ ರೈಸರು ಕಾಲವಾದರು.