ಬ್ಲೇಕ್ ದಂಪತಿಗಳ ಬಣ್ಣದ ಪುಟಗಳು

ವಿಲಿಯಂ ಬ್ಲೇಕನ ಹುಲಿಯ ಪದ್ಯವನ್ನು ಇಂಗ್ಲಿಷ್ ಪಠ್ಯಪುಸ್ತಕದಲ್ಲಿ ಓದಿದವರು ನಮ್ಮಲ್ಲಿ ಬಹಳ ಮಂದಿ. ಆದರೆ ಕವಿ ಅದನ್ನು ಬರಿಯ ಕಪ್ಪಕ್ಷರದ ಸಾಲುಗಳಾಗಿ ಲೋಕದ ಮುಂದಿಟ್ಟವನಲ್ಲ. ಮೂಲದಲ್ಲಿ ಅದೊಂದು ಚಿತ್ರಪುಟ. ಬಲಬದಿಯಲ್ಲಿ ಮರವೊಂದು ನಿಂತಿದೆ, ಅದರ ಕೊಂಬೆಗಳು ಪದ್ಯದ ನಡುವೆ ಚಾಚಿಕೊಂಡಿವೆ, ಕೆಳಗೆ ಹುಲಿ. ಪದ್ಯದ ಹುಲಿ ನಮ್ಮನ್ನು ನಡುಗಿಸಿದರೆ ಚಿತ್ರದ ಹುಲಿ ಮಕ್ಕಳ ಆಟಿಕೆಯಂತೆ ಸಾಧುವಾಗಿದೆ. ಪ್ರತಿಯಿಂದ ಪ್ರತಿಗೆ ಅದರ ಬಣ್ಣವೂ ಬೇರೆ ಬೇರೆ. ಈ ಕಡೆಯ ಮಾತಿನಲ್ಲಿ ಬ್ಲೇಕನ ಬಾಳಿನ ಅರ್ಧ ಕಥೆಯಿದೆ.

ನನಗೆ ಇದನ್ನೆಲ್ಲ ನೆನಪಿಗೆ ತಂದವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಪ್ರಕಾಶಕರ ಹಂಗಿಲ್ಲದೆ ತಾನೇ ಹೊರತರಬೇಕೆಂದಿರುವ ಚಿತ್ರಕಾದಂಬರಿಯ ಪುಟಗಳಿಗೆ ಅವನು ಕಂಪ್ಯೂಟರಿನಲ್ಲಿ ಬಣ್ಣ ತುಂಬುವುದನ್ನು ಈಚೆಗೆ ಪಕ್ಕದಲ್ಲಿ ಕುಳಿತು ನೋಡಿದೆ. ಗೆರೆಗಳದೊಂದು ಪದರ, ಬಣ್ಣದ್ದು ಇನ್ನೊಂದು ಪದರ. ಗೆರೆ ಕೆಡದಂತೆ ಬಣ್ಣವನ್ನು ಎಷ್ಟು ಸಲವಾದರೂ ಬದಲಿಸಬಹುದು. ಒಮ್ಮೆ ಬಣ್ಣ ತುಂಬಿದರೆ ಸಾವಿರ ಪ್ರತಿಗೂ ಅದೇ ಸಾಕು. ಆದರೂ ಕಥೆಗಿಂತ ಬಣ್ಣಕ್ಕೇ ಹೆಚ್ಚು ಕಾಲ ಹಿಡಿಯಿತೆಂದು ಅವನು ನಿಟ್ಟುಸಿರುಬಿಟ್ಟ. ಪ್ರತಿಯೊಂದು ಪ್ರತಿಗೂ ಹೊಸದಾಗಿ ಕುಂಚ ಹಿಡಿಯಬೇಕಾಗಿದ್ದವನ ಪಾಡೇನು?

ಬ್ಲೇಕ್ ಹುಟ್ಟಿದ್ದು 1757ರ ನವೆಂಬರ್ 28ರಂದು, ಲಂಡನ್ನಿನ ಬ್ರಾಡ್ ಬೀದಿಯಲ್ಲಿ. ತಂದೆ ಕಾಲುಚೀಲಗಳ ವ್ಯಾಪಾರಿ. ಹುಡುಗನನ್ನು ಹತ್ತನೆಯ ವಯಸ್ಸಿಗೇ ಚಿತ್ರಶಾಲೆಗೆ ಸೇರಿಸಿದರು. 1772ರಿಂದ ಏಳು ವರ್ಷ ಅವನು ಜೇಮ್ಸ್ ಬಸೈರ್ ಎಂಬ ತಾಮ್ರಫಲಕ ಕೆತ್ತನೆಗಾರನ ಬಳಿ ಶಿಷ್ಯನಾಗಿದ್ದ. ಕಸುಬೇನೋ ಕೈಗೆ ಬಂತು; ಆದರೆ ಅನ್ಯರ ಚಿತ್ರಗಳನ್ನು ಅನ್ಯರ ಪುಸ್ತಕಗಳಿಗಾಗಿ ಕೆತ್ತುವುದು ಹೊಟ್ಟೆಪಾಡು, ಅಷ್ಟೆ. 1782ರಲ್ಲಿ ಅವನು ಕ್ಯಾಥರೀನ್ ಬೌಚರ್ ಎಂಬ ತೋಟಗಾರನ ಮಗಳನ್ನು ಮದುವೆಯಾದ. ವಿವಾಹದ ದಾಖಲೆಪುಸ್ತಕದಲ್ಲಿ ಆಕೆ ಹೆಸರು ಬರೆಯಲಾರದೆ ಒಂದು ಗೀಟಿನ ಗುರುತು ಹಾಕಿದಳು. ಗಂಡನೇ ಅವಳಿಗೆ ಓದುಬರಹ ಕಲಿಸಿದ. ಅಚ್ಚೊತ್ತುವುದನ್ನೂ ಬಣ್ಣ ಹಾಕುವುದನ್ನೂ ಕಲಿಸಿದ.

1787ರಲ್ಲಿ ಅಕ್ಕರೆಯ ತಮ್ಮ ರಾಬರ್ಟ್ ತೀರಿಕೊಂಡ. ಸತ್ತ ತಮ್ಮನ ಆತ್ಮವೇ ಬಂದು ತನಗೆ ಹೊಸ ಮುದ್ರಣವಿಧಾನವನ್ನು ತಿಳಿಸಿತೆಂದು ಬ್ಲೇಕ್ ನಂಬಿದ್ದ. ಇದನ್ನು ನಂಬುವುದೂ ಬಿಡುವುದೂ ವಾಚಕರಿಗೆ ಸೇರಿದ್ದು. ವಿಧಾನವಂತೂ ಅಪೂರ್ವವಾದುದು. ಅಂದಿನ ರೂಢಿಯಲ್ಲಿ ಚಿತ್ರದ ಗೆರೆಯನ್ನು ತಾಮ್ರದಲ್ಲಿ ತಗ್ಗಾಗಿ ಕೊರೆದು ಆ ತಗ್ಗಿಗೆ ಮಸಿ ತುಂಬುತ್ತಿದ್ದರು. ಅಕ್ಷರಕ್ಕೆ ಅಚ್ಚಿನ ಮೊಳೆ ಬೇರೆ, ಯಂತ್ರವೂ ಬೇರೆ. ಬ್ಲೇಕ್ ಇದನ್ನು ತಿರುವುಮುರುವು ಮಾಡಿದ. ಆಮ್ಲಕ್ಕೆ ಜಗ್ಗದ ಅರಗಿನ ದ್ರವದಿಂದ ಪದ್ಯವನ್ನೂ ಚಿತ್ರವನ್ನೂ ಒಂದೇ ಫಲಕದ ಮೇಲೆ ಬರೆಯುವನು. ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ಹಿಂದುಮುಂದಾಗಿರಬೇಕು. ಆಮ್ಲ ಸುತ್ತಲಿನ ತಾಮ್ರವನ್ನು ತಿಂದುಹಾಕಿದರೆ ಬರೆದುದಷ್ಟೂ ಉಬ್ಬಿ ನಿಲ್ಲುವುದು. ಅದಕ್ಕೆ ಮಸಿ ಸವರಿ ಮನೆಯ ಯಂತ್ರದಲ್ಲಿ ಕಾಗದಕ್ಕೆ ಒತ್ತಿದರೆ ಪುಟ ಸಿದ್ಧ. ಪ್ರಕಾಶಕ ಬೇಡ, ಮೊಳೆ ಜೋಡಿಸುವವನು ಬೇಡ. 1789ರಲ್ಲಿ ಮುಗ್ಧತೆಯ ಹಾಡುಗಳು ಹೊರಬಂದದ್ದು ಹೀಗೆ; 1794ರಲ್ಲಿ ಅನುಭವದ ಹಾಡುಗಳು ಅದರ ಜೊತೆಗೂಡಿದುವು.

ಆದರೆ ಯಂತ್ರ ಸಾಮಾನ್ಯವಾಗಿ ಒಂದೇ ಮಸಿಯ ಪುಟವನ್ನು ಕೊಡುತ್ತಿತ್ತು. ಉಳಿದ ಬಣ್ಣವೆಲ್ಲ ನೀರುಬಣ್ಣ, ಕೈಕೆಲಸ. ಮಸಿ ಒಣಗಿದ ಮೇಲೆ ಗಂಡಹೆಂಡಿರು ಕುಳಿತು ಒಂದೊಂದೇ ಹಾಳೆಗೆ ಕುಂಚ ಆಡಿಸಬೇಕು. 1793ರಲ್ಲಿ ಬ್ಲೇಕ್ ಅಚ್ಚುಮಾಡಿದ ಬೆಲೆಪಟ್ಟಿಯಲ್ಲಿ ಇಪ್ಪತ್ತೈದು ಚಿತ್ರಗಳ ಮುಗ್ಧತೆಯ ಹಾಡುಗಳಿಗೆ ಹಾಕಿದ್ದ ಬೆಲೆ ಐದು ಷಿಲಿಂಗು. ಇಬ್ಬರ ಕೂಲಿ ಅದರಲ್ಲಿ ಎಲ್ಲಿ ಗಿಟ್ಟೀತು! ಮುಂದೆ ಅವನು ಬೆಲೆಯನ್ನು ಬಹುಪಾಲು ಏರಿಸಿದ. ಬಣ್ಣವೂ ಗಾಢವಾಗುತ್ತ ಹೋಯಿತು, ಕೆಲವು ಪ್ರತಿಗಳಿಗೆ ಚಿನ್ನದ ಲೇಪವೂ ಸೇರಿತು. ಕೊಳ್ಳುವವರು ಮಾತ್ರ ಬೆರಳೆಣಿಕೆಯಷ್ಟೇ. 1809ರಲ್ಲಿ ಅಣ್ಣನ ಅಂಗಡಿಯಿದ್ದ ಮನೆಯಲ್ಲಿ ಚಿತ್ರಪ್ರದರ್ಶನ ಏರ್ಪಡಿಸಿದಾಗ ಪತ್ರಿಕೆಯೊಂದು ಅವನನ್ನು ಹುಚ್ಚನೆಂದೇ ಕರೆಯಿತು. ಅಲ್ಲಿಂದ ಮುಂದೆ ಕೆಲವು ವರ್ಷ ಅವನು ಬಹುತೇಕ ಅಜ್ಞಾತವಾಸದಲ್ಲಿದ್ದನೆನ್ನಬೇಕು.

ಆ ಬಡತನದಲ್ಲಿಯೇ ಬೆಳೆದದ್ದು ಜೆರೂಸಲೆಮ್ ಎಂಬ ಮಹಾಕೃತಿ. ಮುಖಪುಟದ ಮೇಲಿನ ವರ್ಷ 1804. ಅಚ್ಚಾದದ್ದು 1820ರ ಸುಮಾರಿಗೆ. ಒಟ್ಟು ನೂರು ಫಲಕಗಳು. ಇನ್ನೊಂದು ಪ್ರತಿ ಅಚ್ಚುಮಾಡುವುದಕ್ಕೆ ತನ್ನ ಕಾಲದ ಬೆಲೆಯೇ ಇಪ್ಪತ್ತು ಗಿನಿಯಾಗುವುದೆಂದೂ, ಮುಗಿಸಿಟ್ಟಿರುವ ಒಂದಕ್ಕೂ ಗಿರಾಕಿ ಸಿಕ್ಕುವಂತಿಲ್ಲವೆಂದೂ ಅವನು 1827ರಲ್ಲಿ ಸ್ನೇಹಿತನಿಗೆ ಬರೆದ. ಅವನ ಎಣಿಕೆ ಸುಳ್ಳಾಗಲಿಲ್ಲ. ನೂರು ಪುಟಕ್ಕೂ ಬಣ್ಣ ತುಂಬಿದ ಆ ಒಂದೇ ಪ್ರತಿ ಮಾರಾಟವಾಗದೆ ಮನೆಯಲ್ಲಿಯೇ ಉಳಿಯಿತು. ಈಗ ಅದು ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಸಂಗ್ರಹದಲ್ಲಿದೆ. ಯಾರೂ ಕೊಳ್ಳಲಾರರೆಂದು ತಿಳಿದೂ ನೂರು ಪುಟಗಳಿಗೆ ಬಣ್ಣ ಹಾಕುವುದನ್ನು ಹಟವೆನ್ನಬೇಕೋ ತಪಸ್ಸೆನ್ನಬೇಕೋ ನಾನರಿಯೆ. ವ್ಯವಹಾರವಂತೂ ಅದಲ್ಲ.

ಕಡೆಗಾಲದಲ್ಲಿಯೂ ಅವನ ಕೈಯಲ್ಲಿ ಕುಂಚವೇ ಇತ್ತು. ಕೈವಾರ ಹಿಡಿದು ಬಾಗಿದ ವೃದ್ಧ ಸೃಷ್ಟಿಕರ್ತನ ಚಿತ್ರವೊಂದಕ್ಕೆ ಹಾಸಿಗೆಯಲ್ಲಿ ಒರಗಿಯೇ ಬಣ್ಣ ಹಚ್ಚಿದನಂತೆ. ಆಮೇಲೆ ಹೆಂಡತಿಯನ್ನು ಎದುರಿಗೆ ನಿಲ್ಲಿಸಿ ಅವಳ ಚಿತ್ರ ಬರೆದನಂತೆ. 1827ರ ಆಗಸ್ಟ್ 12ರಂದು ತೀರಿಕೊಂಡ ಅವನನ್ನು ಬನ್‌ಹಿಲ್ ಫೀಲ್ಡ್ಸ್ ಸ್ಮಶಾನದಲ್ಲಿ ಹೆಸರಿನ ಕಲ್ಲೂ ಇಲ್ಲದೆ ಹೂಳಿದರು.

ಕ್ಯಾಥರೀನ್ ಉಳಿದ ಪುಸ್ತಕಗಳನ್ನೂ ಚಿತ್ರಗಳನ್ನೂ ಮಾರಿಕೊಂಡು 1831ರವರೆಗೆ ಬದುಕಿದ್ದಳು. ಪುಟಗಳಲ್ಲಿನ ಬಣ್ಣದಲ್ಲಿ ಅವಳದೆಷ್ಟು, ಅವನದೆಷ್ಟು ಎಂದು ವಿದ್ವಾಂಸರು ಇಂದಿಗೂ ಬೇರ್ಪಡಿಸಲಾರರು. ಮುಗ್ಧತೆಯ ಹಾಡುಗಳ ಮುಖಪುಟ ಕರ್ತೃವನ್ನೂ ಮುದ್ರಕನನ್ನೂ ಒಂದೇ ಹೆಸರಿನಲ್ಲಿ ಹೇಳಿ ಸುಮ್ಮನಾಗುತ್ತದೆ. ಬಣ್ಣ ಹಾಕಿದವರ ಮಾತಿಲ್ಲ. ಅವಳ ಹೆಸರು ಅವನ ಹೆಸರಿನ ಜೊತೆಗೆ ಬಂದದ್ದು ಕಲ್ಲಿನ ಮೇಲೆ. ಅವನು ಸತ್ತ ನೂರು ವರ್ಷಕ್ಕೆ, 1927ರಲ್ಲಿ, ಆ ಸ್ಮಶಾನದಲ್ಲಿ ನಿಲ್ಲಿಸಿದ ಸ್ಮಾರಕಶಿಲೆ ಅಲ್ಲೇ ಸಮೀಪದಲ್ಲಿ ಮಲಗಿರುವ ಇಬ್ಬರನ್ನೂ ಹೆಸರಿಸುತ್ತದೆ.